ಸ್ವೆಟರು ಹೊತ್ತು ಗಂಡಿಕೋಟೆಗೆ

ಪಂಕಜಾ ಆಂಟಿ ಫೋನ್ ಮಾಡಿದರೆ ನಮ್ಮ ಮನೆಯಲ್ಲಿ ಯಾರೂ ರಿಸೀವರನ್ನು ಕಿವಿಗೆ ಹಚ್ಚುತ್ತಿರಲಿಲ್ಲ. ಒಂದು ಗೇಣು ದೂರ ಹಿಡಿದುಕೊಂಡರೂ ಪಕ್ಕದಲ್ಲಿ ಕೂತವರಿಗೆಲ್ಲ ಮಾತು ಕೇಳುತ್ತಿತ್ತು. ಅವರಿದ್ದದ್ದು ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಎದುರು ಮನೆಯಲ್ಲೇ ಆದ್ದರಿಂದ ಅದೇ ಮಾತು ಕಿಟಕಿಯಿಂದಲೂ ಬರುತ್ತಿತ್ತು. "ಕಿಟಕಿಯಿಂದಲೇ ಕೂಗಿದ್ರೆ ಸಾಕಲ್ವಾ ಅಕ್ಕ, ಫೋನ್ ಯಾಕೆ ದಂಡ" ಎಂದು ಅಮ್ಮ ಹೇಳಿದರೆ, "ಕಿಟಕಿಯಿಂದ ಕೂಗೋಕೆ ನಾನೇನು ಸೊಪ್ಪು ಮಾರ್ತೀನಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳುತ್ತಿದ್ದರು.

ಆಂಟಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರ ಕಾಲದಲ್ಲಿ ದೂರದ ಊರಿನ ಲೈನು ಎಂದರೆ ಗೊರಗೊರ ಸದ್ದಿನ ನಡುವೆ ಕೂಗಾಡಬೇಕಿತ್ತಂತೆ. ಹಾಗೆ ಕೂಗಿ ಕೂಗಿ ಅವರ ಗಂಟಲಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಕೆಲಸ ಬಿಟ್ಟರೂ ಕೆಲಸದ ಮಾತು ಬಿಟ್ಟಿರಲಿಲ್ಲ. ಹರಟೆಯ ಮಧ್ಯೆ ಒಲೆಯ ಮೇಲಿನ ಹಾಲು ನೆನಪಾದರೆ "ಲೈನಲ್ಲೇ ಇರಿ, ಬಂದೆ" ಎಂದು ಎದ್ದು ಓಡುತ್ತಿದ್ದರು. ಒಮ್ಮೆ ನಮ್ಮ ಬೀದಿಯ ಇಬ್ಬರು ಓರಗಿತ್ತಿಯರು ಯಾವುದೋ ಮದುವೆಯ ಸೀರೆಯ ವಿಷಯಕ್ಕೆ ಮಾತು ಬಿಟ್ಟಿದ್ದರು. ತರಕಾರಿ ಗಾಡಿಯ ಹತ್ತಿರ ಇಬ್ಬರೂ ಒಟ್ಟಿಗೆ ಸಿಕ್ಕಾಗ ಆಂಟಿ ಒಬ್ಬೊಬ್ಬರ ಮುಂಗೈಯನ್ನೂ ಹಿಡಿದು ಎದುರುಬದುರು ನಿಲ್ಲಿಸಿ, "ಕನೆಕ್ಷನ್ ಕೊಟ್ಟಿದೀನಿ, ಮಾತಾಡಿ" ಎಂದು ಹೇಳಿ, ತಮ್ಮ ಹೀರೇಕಾಯಿ ಚೀಲ ಎತ್ತಿಕೊಂಡು ಹೊರಟೇ ಹೋದರು. ಅವರಿಬ್ಬರಿಗೂ ಮೊದಲು ನಗು ಬಂತು. ಆಮೇಲೆ ಅಲ್ಲೇ ನಿಂತು ಜಗಳವನ್ನು ಪೂರ್ತಿ ಆಡಿ ಮುಗಿಸಿ, ಒಟ್ಟಿಗೇ ಮನೆಗೆ ಹೋದರು.

ಇಷ್ಟು ಜೋರಿನ ಹೆಂಗಸು ಸಂಡಿಗೆ ಒಣಗಿಸಲು ನಮ್ಮ ತಾರಸಿಗೆ ಬಂದರೆ ಮಾತ್ರ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಕೆಳಗೆ ಗಣಪತಿ ಮೆರವಣಿಗೆ ಹೋದರೂ ಅಂಚಿಗೆ ಬಂದು ಇಣುಕುತ್ತಿರಲಿಲ್ಲ. "ಬೆನ್ನು ನೋವು, ಒರಗಿರ್ಬೇಕು" ಎನ್ನುತ್ತಿದ್ದರು. ನಾವೂ ಅದನ್ನು ನಂಬಿದ್ದೆವು.

ಅಮ್ಮ ಬಿದ್ದದ್ದು ಹಬ್ಬದ ಹಿಂದಿನ ದಿನ. ನಮ್ಮದು ಮೊದಲ ಮಹಡಿ, ಹೊರಗಡೆಯ ಮೆಟ್ಟಿಲು. ಮೆಟ್ಟಿಲು ತೊಳೆಯುತ್ತಾ ತೊಳೆಯುತ್ತಾ ತಾನೇ ಜಾರಿ ಕೆಳಗಿನವರೆಗೂ ಹೋದಳು. ತೊಡೆಯ ಮೂಳೆ ಮುರಿಯಿತು, ಒಳಗೆ ರಾಡು ಹಾಕಿದರು. ತಿಂಗಳುಗಳು ಕಳೆದು ಮೂಳೆ ಕೂಡಿಕೊಂಡಿತು, ಆದರೆ ಅಮ್ಮನ ಭಯ ಹಾಗೇ ಉಳಿಯಿತು. ರೂಮಿನಿಂದ ಅಡುಗೆಮನೆಗೆ ಗೋಡೆ ಹಿಡಿದು ಹೋಗುವಳು, ಅಡುಗೆಮನೆಯಿಂದ ರೂಮಿಗೆ ಗೋಡೆ ಹಿಡಿದು ಬರುವಳು, ಬಾಗಿಲ ಹೊಸಿಲು ಮಾತ್ರ ದಾಟುತ್ತಿರಲಿಲ್ಲ. ರಾಜಾಜಿನಗರದ ಫ್ಯಾಕ್ಟರಿಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ ಅಪ್ಪ, ಪಾಪ, ಹೂವಿನಿಂದ ಹಿಡಿದು ಕೊತ್ತಂಬರಿ ಸೊಪ್ಪಿನವರೆಗೆ ಎಲ್ಲವನ್ನೂ ತಾನೇ ಮೇಲಕ್ಕೆ ತಂದುಕೊಟ್ಟು, "ನೀನು ಇಳೀಬೇಡ, ನಾನಿದೀನಲ್ಲ" ಎನ್ನುತ್ತಿದ್ದ. ಕೊನೆಗೆ ಡಾಕ್ಟರು ಗದರಿದರು: "ಈಗ ನಡೀಲಿಲ್ಲ ಅಂದ್ರೆ ಆಮೇಲೆ ಬೇಕು ಅಂದ್ರೂ ಆಗಲ್ಲಮ್ಮ. ಕಾಲು ಹೀಗೇ ಉಳ್ಕೊಂಡ್ಬಿಡತ್ತೆ." ನಲವತ್ತೇಳರ ಹೆಂಗಸು ಇನ್ನು ಈ ಎರಡು ಕೋಣೆಯಲ್ಲೇ ಮುದುಕಿಯಾಗಿಬಿಡುತ್ತಾಳೆ ಎಂದು ನನಗೆ ಅವತ್ತು ನಿಜವಾಗಿಯೂ ಹೆದರಿಕೆಯಾಯಿತು.

ಆ ಸಂಜೆ ಪಂಕಜಾ ಆಂಟಿ ಫೋನ್ ಮಾಡದೆ ತಾವೇ ಮೇಲೆ ಹತ್ತಿ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಜಯಾ, ಗಂಡಿಕೋಟೆಗೆ ಹೋಗೋಣ" ಎಂದರು.

"ಅದೆಲ್ಲಿದೆ ಅಕ್ಕ?"

"ಆಂಧ್ರದಲ್ಲಿ, ಜಮ್ಮಲಮಡುಗು ಹತ್ರ. ಕಲ್ಲು, ಮುಳ್ಳು, ಒಣ ನೆಲ, ಮರುಭೂಮಿ ಥರ. ನಡೀತಾ ನಡೀತಾ ಭೂಮಿ ಇದ್ದಕ್ಕಿದ್ದಂಗೆ ಮುಗಿದೋಗತ್ತಂತೆ. ಕೆಳಗೆ ಕೆಂಪು ಬಂಡೆ ಕಣಿವೆ, ಅದರ ತಳದಲ್ಲಿ ಪೆನ್ನಾ ನದಿ."

"ಮೆಟ್ಲು ಇಳಿಯೋಕೆ ಆಗ್ತಿಲ್ಲ ನನಗೆ. ಕೋಟೆ ಅಂತೀರಲ್ಲ."

"ಹೋಗೋದು ಬಿಡೋದು ಆಮೇಲೆ. ಸುಮ್ನೆ ಪ್ಲಾನ್ ಮಾಡೋಣ. ಪ್ಲಾನ್ ಮಾಡೋಕೆ ಕಾಲು ಬೇಕಾ?"

ಗಂಡಿಕೋಟೆ ಅವರಿಗೆ ಗೊತ್ತಾದದ್ದು ಡ್ಯೂಟಿಯಲ್ಲಿದ್ದಾಗ. ಒಂದೂರಿನ ಆಪರೇಟರಿಗೆ ಇನ್ನೊಂದೂರಿನ ಆಪರೇಟರ ದನಿ ಚೆನ್ನಾಗಿ ಪರಿಚಯವಿರುತ್ತಿತ್ತು. ಮುಖ ನೋಡದೆಯೇ ವರ್ಷಗಟ್ಟಲೆ ಸ್ನೇಹ. ಜಮ್ಮಲಮಡುಗಿನ ರಮಾದೇವಿ ಎಂಬಾಕೆ ಲೈನು ಸಿಗುವವರೆಗಿನ ಬಿಡುವಿನಲ್ಲಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ತಮ್ಮೂರಿನ ಕಣಿವೆಯನ್ನು ವರ್ಣಿಸಿ "ಒಂದು ಸಲ ಬಾ ಅಕ್ಕ, ಹತ್ತೋದೇ ಇಲ್ಲ, ಸುಮ್ನೆ ನಡೆಯೋದು" ಎಂದು ಕರೆಯುತ್ತಿದ್ದರಂತೆ. ರಮಾದೇವಿ ನಿವೃತ್ತಿಯಾಗಿ ಯಾವುದೋ ಊರಿನ ಮಗಳ ಮನೆ ಸೇರಿದ ಮೇಲೆ ಸಂಪರ್ಕ ತಪ್ಪಿಹೋಗಿತ್ತು. ಆಕೆ ಹೇಳಿದ ದಾರಿ ಮಾತ್ರ ಆಂಟಿಗೆ ಬಾಯಿಪಾಠವಾಗಿತ್ತು.

ಆ ದಾರಿಯನ್ನು ಆಂಟಿ ನಮ್ಮ ಬೀದಿಯ ಲೆಕ್ಕಕ್ಕೆ ತಂದರು. "ಕೋಟೆ ಬಾಗಿಲಿಂದ ಮಸೀದಿಗೆ, ನಮ್ಮ ಮನೆಯಿಂದ ಹಾಲಿನ ಬೂತಿಗೆ ಇದ್ದಷ್ಟು. ಮಸೀದಿಯಿಂದ ಕಣಿವೆ ಅಂಚಿಗೆ, ಬೂತಿಂದ ಗಣೇಶನ ಗುಡಿಗೆ ಇದ್ದಷ್ಟು. ಮುಗೀತು."

"ಬೂತಿಂದ ಗುಡಿಗೆ ನಡುವೆ ಏರಿದೆಯಲ್ಲ ಅಕ್ಕ" ಎಂದಳು ಅಮ್ಮ.

"ಏರೆಲ್ಲಿದೆ? ಸಪಾಟಾಗಿದೆ."

"ಇದೆ ಅಂತೀನಿ. ಹಿಟ್ಟಿನ ಗಿರಣಿ ದಾಟಿದ ಮೇಲೆ ಇದೆ."

"ನನಗಂತೂ ಕಂಡಿಲ್ಲಪ್ಪ. ಇದ್ರೆ ತೋರ್ಸು ಬಾ."

ಅಮ್ಮ ಆ ರಾತ್ರಿ ಊಟ ಮಾಡುವಾಗಲೂ "ಏರಿಲ್ಲ ಅಂತಾರಲ್ಲ" ಎಂದು ಗೊಣಗಿದಳು. ಮರುದಿನ ಬೆಳಗ್ಗೆ ಎದ್ದು, ಸೆರಗು ಸಿಕ್ಕಿಸಿಕೊಂಡು, ನನ್ನ ಭುಜ ಹಿಡಿದು ಮೆಟ್ಟಿಲಿನ ತುದಿಯಲ್ಲಿ ನಿಂತಳು. ನನ್ನ ಭುಜದ ಮೇಲೆ ಅವಳ ಬೆರಳುಗಳು ಊರಿಕೊಂಡದ್ದು ಇವತ್ತಿಗೂ ನೆನಪಿದೆ. ಕೆಳಗೆ ನಡುಬೀದಿಯಲ್ಲಿ ಪಂಕಜಾ ಆಂಟಿ ಎರಡೂ ಕೈ ಚಾಚಿ ಒಂದು ಸ್ಕೂಟರನ್ನೂ ಒಂದು ಆಟೋವನ್ನೂ ತಡೆದು ನಿಲ್ಲಿಸಿಕೊಂಡು, "ಬಾ ಜಯಾ, ಲೈನ್ ಕ್ಲಿಯರ್ ಇದೆ" ಎಂದು ಕೂಗುತ್ತಿದ್ದರು. ಅಮ್ಮ ಇಳಿದಳು. ಬೂತಿನವರೆಗೆ ಹೋಗಿ ಸುಸ್ತಾಗಿ ವಾಪಸು ಬಂದಳು. ಏರಿನ ವಿಷಯ ತೀರ್ಮಾನವಾಗಲು ಇನ್ನೂ ಎರಡು ವಾರ ಬೇಕಾಯಿತು. ಏರು ಇತ್ತು.

ಆಮೇಲೆ ಪ್ಲಾನಿಗೆ ರೆಕ್ಕೆ ಬಂತು. ನಮ್ಮ ಬೀದಿಯನ್ನು ಪೈಪಿಗೋಸ್ಕರ ಅಗೆದು ಜಲ್ಲಿ ಸುರಿದು ಬಿಟ್ಟಿದ್ದರು. ಎಲ್ಲರೂ ಶಾಪ ಹಾಕುತ್ತಿದ್ದ ಆ ಜಲ್ಲಿಯ ರಾಶಿಯನ್ನು ನೋಡಿ ಆಂಟಿಗೆ ಎಲ್ಲಿಲ್ಲದ ಖುಷಿ. "ಅಂಚಿನ ಹತ್ರ ಬರೀ ಕಲ್ಲಂತೆ ಕಣೇ. ಇದು ನಮಗೇ ಅಂತ ಮಾಡಿದಂಗಿದೆ" ಎಂದು ಅಮ್ಮನನ್ನು ದಿನಾ ಅದರ ಮೇಲೆ ಹತ್ತಿಸಿ ಇಳಿಸುತ್ತಿದ್ದರು. ಒಂದು ಭಾನುವಾರ ಮೂಡಲಪಾಳ್ಯ ಸರ್ಕಲ್ಲಿನವರೆಗೆ ಹೋಗಿ ಬಂದೆವು. ಇನ್ನೊಂದು ಭಾನುವಾರ ಮಲ್ಲತ್ತಹಳ್ಳಿ ಕೆರೆ ಏರಿಯ ಮೇಲೆ, ಗಂಡಿಕೋಟೆಗೆ ಕೊಂಡೊಯ್ಯಬೇಕಾದ ಬುತ್ತಿಯ ಸಮೇತ, ಪೂರ್ತಿ ರಿಹರ್ಸಲ್. ಅಪ್ಪ ಅಡುಗೆಮನೆಯ ಮರದ ಸ್ಟೂಲನ್ನು ತಲೆಯ ಮೇಲೆ ಹೊತ್ತು ಹಿಂದೆ ಬರುತ್ತಿದ್ದ. ಅಮ್ಮನಿಗೆ ಸುಸ್ತಾದ ತಕ್ಷಣ ಕೂರಲು ಬೇಕು ಎಂಬುದು ಅವನು ಹಾಕಿದ ಷರತ್ತು. ದಾರಿಹೋಕರು "ಸ್ಟೂಲ್ ಎಷ್ಟು ಸಾರ್?" ಎಂದು ಕೇಳಿದರೂ ಅವನು ಬೇಸರಿಸಲಿಲ್ಲ.

ರಮಾದೇವಿಯ ಇನ್ನೊಂದು ಮಾತನ್ನೂ ಆಂಟಿ ಮರೆತಿರಲಿಲ್ಲ. "ಸಂಕ್ರಾಂತಿ ಹೊತ್ತಿಗೆ ಬಾ ಅಕ್ಕ, ಆದರೆ ಚಳಿ ಅಂದರೆ ಚಳಿ, ಎರಡು ಸ್ವೆಟರ್ ತಾ" ಎಂದು ಆಕೆ ಹೇಳಿದ್ದರಂತೆ. ಹಾಗಾಗಿ ಆಂಟಿ ಎಲ್ಲರ ಬ್ಯಾಗನ್ನೂ ತಾವೇ ತೆರೆದು ನೋಡಿದರು. ತಲೆಗೊಂದು ಮಂಕಿ ಕ್ಯಾಪು, ಮೈಗೆರಡು ಸ್ವೆಟರು, ಅಪ್ಪನಿಗೆ ಮಫ್ಲರು, ಅಮ್ಮನ ಕಾಲಿಗೆ ಉಣ್ಣೆಯ ಕಾಲುಚೀಲ. ಛತ್ರಿ ತರಲೇ ಎಂದು ನಾನು ಕೇಳಿದ್ದಕ್ಕೆ "ಮಳೆಗಾಲಾನಾ ಉಷಾ?" ಎಂದರು.

ಸಂಕ್ರಾಂತಿಯ ಹೊತ್ತಿಗೆ, ಒಂದು ಬೆಳಗ್ಗೆ ಕತ್ತಲಿರುವಾಗಲೇ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ತಿಂಡಿಗೆ, ಕಾಫಿಗೆ, ಅಮ್ಮ ಕಾಲು ನೀಡಿಕೊಳ್ಳಲು ಎಂದು ನಿಂತು ನಿಂತು ಕೋಟೆಯ ಬಾಗಿಲು ಮುಟ್ಟುವ ಹೊತ್ತಿಗೆ ನಡುಮಧ್ಯಾಹ್ನ. ವ್ಯಾನಿನ ಬಾಗಿಲು ತೆರೆದರೆ ಮುಖಕ್ಕೆ ಒಲೆಯ ಝಳ ಹೊಡೆದಂತಾಯಿತು. ಸುತ್ತ ಎಲ್ಲೂ ಒಂದು ಹಿಡಿ ನೆರಳಿಲ್ಲ. ಕಡಪ ಸೀಮೆಯ ಬೇಸಿಗೆಯಲ್ಲಿ ಬೆಂದ ರಮಾದೇವಿಗೆ ಯಾವುದು ನಡುಗುವ ಚಳಿಯೋ ಅದು ನಮ್ಮ ಬೆಂಗಳೂರಿನ ಏಪ್ರಿಲ್ ಬಿಸಿಲಿಗಿಂತ ಜೋರಾಗಿತ್ತು. ನಾವು ನಾಲ್ಕು ಜನ ಎಂಟು ಸ್ವೆಟರು ಹಿಡಿದು ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವಳು ಅಮ್ಮ. ಅವಳು ಹಾಗೆ ಹೊಟ್ಟೆ ಹಿಡಿದು ನಕ್ಕಿದ್ದನ್ನು ಒಂದು ವರ್ಷದಿಂದ ನಾನು ಕಂಡಿರಲಿಲ್ಲ.

"ತಲೆ ಮೇಲೆ ಹಾಕ್ಕೊಳ್ಳಿ, ಬಿಸಿಲಿಗಾಗತ್ತೆ" ಎಂದರು ಆಂಟಿ, ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲದೆ. ಸ್ವೆಟರುಗಳನ್ನು ತಲೆಯ ಮೇಲೆ ಹೊದ್ದು, ತೋಳುಗಳನ್ನು ಗದ್ದದ ಕೆಳಗೆ ಗಂಟು ಹಾಕಿಕೊಂಡು ಹೊರಟೆವು. ಹಾಲಿನ ಬೂತಿನಷ್ಟು ದೂರಕ್ಕೆ ಮಸೀದಿ ಬಂತು. ಅದನ್ನು ದಾಟಿದರೆ ಬಂಡೆಗಳು. ಅಪ್ಪ ಸ್ಟೂಲು ಇಳಿಸಿ, "ಇಲ್ಲಿಂದಲೇ ನೋಡು ಜಯಾ, ಸಾಕು" ಎಂದ. ಅಮ್ಮ ಬಂಡೆಗಳನ್ನೊಮ್ಮೆ ನೋಡಿದಳು. "ನಮ್ಮ ಬೀದಿ ಜಲ್ಲಿಗಿಂತ ಇದೇ ವಾಸಿ, ಇದು ಅಲ್ಲಾಡಲ್ಲ" ಎಂದು ನನ್ನ ಕೈ ಹಿಡಿದಳು. ಕೆಲವು ಕಡೆ ನಡೆದು, ಒಂದೆರಡು ಕಡೆ ಬಂಡೆಯ ಮೇಲೆ ಕೂತೇ ಜರುಗಿ, ಅಂಚಿನ ಸಮೀಪದ ಒಂದು ಅಗಲವಾದ ಕಲ್ಲಿಗೆ ತಲುಪಿದೆವು.

ಭೂಮಿ ನಿಜವಾಗಿಯೂ ಅಲ್ಲಿಗೆ ಮುಗಿದಿತ್ತು. ಎದುರು ದಡದ ಬಂಡೆಗಳು ಅಟ್ಟದ ಮೇಲೆ ಮಡಿಸಿಟ್ಟ ಹಳೆಯ ಕಂಬಳಿಗಳ ಹಾಗೆ ಪದರ ಪದರವಾಗಿ ಕೂತಿದ್ದವು. ಬಹಳ ಕೆಳಗೆ ನದಿ ಹಸಿರಾಗಿ, ಸದ್ದಿಲ್ಲದೆ ತಿರುಗಿಕೊಂಡು ಹೋಗುತ್ತಿತ್ತು. ಅಮ್ಮನ ಕಣ್ಣಲ್ಲಿ ನೀರು ಬಂತು. "ಅಕ್ಕ ಎಲ್ಲಿ?" ಎಂದು ತಿರುಗಿದಳು.

ಅಕ್ಕ ಹಿಂದೆ, ಅಪ್ಪ ಇಳಿಸಿದ ಸ್ಟೂಲಿನ ಮೇಲೆ, ದೊಡ್ಡದೊಂದು ಬಂಡೆಗೆ ಬೆನ್ನು ಒತ್ತಿಕೊಂಡು ಕೂತಿದ್ದರು. ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಎರಡೂ ಕೈಯಲ್ಲಿ ಸ್ಟೂಲಿನ ಅಂಚು ಹಿಡಿದಿದ್ದರು. ನಮ್ಮ ತಾರಸಿಯ ನೀರಿನ ಟ್ಯಾಂಕು ನನಗೆ ಆಗ ಅರ್ಥವಾಯಿತು. ಎತ್ತರ ಕಂಡರೆ ಅವರಿಗೆ ಜೀವವೇ ಹೋದಂತಾಗುತ್ತಿತ್ತು.

"ಜಯಾ, ಲೈನಲ್ಲಿದೀಯಾ?" ಎಂದು ಕಣ್ಣು ಮುಚ್ಚಿಕೊಂಡೇ ಕೂಗಿದರು.

"ಇದೀನಿ ಅಕ್ಕ."

"ಹೇಗಿದೆ ಹೇಳು."

ಗಾಳಿ ಜೋರಾಗಿತ್ತು. ಅಮ್ಮ ಹೇಳಿದ್ದು ಅವರಿಗೆ ಮುಟ್ಟಲಿಲ್ಲ. "ಕೇಳಿಸ್ತಿಲ್ಲ, ಜೋರಾಗಿ ಮಾತಾಡು" ಎಂದರು. ಬಿದ್ದಾಗಿನಿಂದ ದನಿಯೂ ಕ್ಷೀಣವಾಗಿದ್ದ ನನ್ನ ಅಮ್ಮ ಎದೆಯ ತುಂಬ ಗಾಳಿ ತೆಗೆದುಕೊಂಡು ಕೂಗಿದಳು. ಕೆಂಪು ಬಂಡೆ, ಹಸಿರು ನೀರು, ಕೆಳಗೆ ಸಣ್ಣದಾಗಿ ಹಾರುತ್ತಿರುವ ಹದ್ದು. "ಹದ್ದಿನ ಬೆನ್ನು ಕಾಣತ್ತೆ ಅಕ್ಕ, ನಾವೇ ಅದಕ್ಕಿಂತ ಮೇಲಿದೀವಿ" ಎಂದು ಕೂಗಿದಾಗ ಕಣಿವೆಯೂ ಅದನ್ನೇ ಒಮ್ಮೆ ಹೇಳಿತು. ಆಂಟಿ ಕಣ್ಣು ತೆರೆಯದೆಯೇ ತಲೆದೂಗುತ್ತಿದ್ದರು.

ಆಮೇಲೆ ಅಮ್ಮ ಮಾಡಿದ್ದನ್ನು ನೋಡಿ ಅಪ್ಪ ಸ್ಟೂಲಿನ ಪಕ್ಕದಿಂದ ಎದ್ದೇ ನಿಂತ. ನನ್ನ ಕೈ ಬಿಟ್ಟು, ಒಬ್ಬಳೇ, ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಆಂಟಿಯ ಹತ್ತಿರ ಹೋದಳು. ಅವರ ಕೈ ಹಿಡಿದೆಬ್ಬಿಸಿ, ಎದುರು ದಡದ ಒಂದು ಚೂರು ಕಾಣುವಷ್ಟು ದೂರ ಕರೆತಂದಳು. ಆಂಟಿ ಒಂದೇ ಕಣ್ಣು ತೆರೆದು ನೋಡಿ, "ಸಾಕು, ಸಿಕ್ತು ಲೈನು. ರಮಾದೇವಿ ಸುಳ್ಳು ಹೇಳಿಲ್ಲ" ಎಂದು ಮತ್ತೆ ಮುಚ್ಚಿಕೊಂಡರು.

"ಇಷ್ಟು ಭಯ ಇಟ್ಕೊಂಡು ಇಲ್ಲಿಗೇ ಯಾಕೆ ಬಂದ್ರಿ ಅಕ್ಕ?"

"ಭಯ ನನಗೆ ತಾನೇ. ನೋಡ್ಬೇಕಾಗಿದ್ದು ನೀನು."

ಮುಂದಿನ ವರ್ಷಗಳಲ್ಲಿ ಇಬ್ಬರೂ ಇನ್ನೂ ಎಲ್ಲೆಲ್ಲಿಗೋ ಹೋಗಿ ಬಂದರು. ಆಮೇಲೆ ಆಂಟಿಗೆ ಶ್ವಾಸಕೋಶದ ತೊಂದರೆ ಶುರುವಾಗಿ, ಮೈಸೂರಿನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಎದುರು ಮನೆಗೆ ಬೇರೆಯವರು ಬಂದರು. ಮೈಸೂರಿನಿಂದಲೂ ವಾರಕ್ಕೊಮ್ಮೆ ಆಂಟಿಯ ಫೋನು ಬರುತ್ತಿತ್ತು. ಕೊನೆಯ ಸಲ ಬಂದಾಗ ನಾನು ಪಕ್ಕದಲ್ಲೇ ಕೂತಿದ್ದೆ, ನನಗೊಂದು ಮಾತೂ ಕೇಳಿಸಲಿಲ್ಲ. ಅಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಿದ್ದಳು. "ಬೇಲೂರಿಗಾ? ಆಯ್ತು ಅಕ್ಕ, ಪ್ಲಾನ್ ಮಾಡೋಣ. ಇಲ್ಲ, ಕಟ್ ಮಾಡಲ್ಲ. ಲೈನಲ್ಲೇ ಇರ್ತೀನಿ" ಎಂದು ಹೇಳಿ ಬಹಳ ಹೊತ್ತು ಹಾಗೇ ಕೂತಿದ್ದಳು. ಆಚೆ ಕಡೆ ಆಂಟಿಗೆ ನಿದ್ದೆ ಬಂದುಬಿಟ್ಟಿತ್ತು. ಅದಾದ ಮೇಲೆ ಅವರ ದನಿ ಬರಲಿಲ್ಲ. ಸುದ್ದಿ ಬಂದ ದಿನ ಅಮ್ಮ ಒಬ್ಬಳೇ ಮೆಟ್ಟಿಲಿಳಿದು, ಬೂತು ದಾಟಿ, ಆ ಏರು ಹತ್ತಿ ಗುಡಿಯವರೆಗೆ ನಡೆದು ಬಂದಳು.

ಎದುರು ಮನೆಗೆ ಬಂದವರಲ್ಲಿ ಕಾವೇರಮ್ಮ ಎಂಬ ಹೆಂಗಸಿಗೆ ಮಂಡಿಯ ಆಪರೇಷನ್ ಆಯಿತು. ಡಾಕ್ಟರು ನಡೆಯಿರಿ ಎಂದರೂ ಆಕೆ ಬಾಗಿಲು ದಾಟುತ್ತಿಲ್ಲ ಎಂದು ತರಕಾರಿ ಗಾಡಿಯ ಹತ್ತಿರ ಸುದ್ದಿಯಾಗಿತ್ತು. ಒಂದು ಬೆಳಗ್ಗೆ ನಾನು ಕಾಫಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದಾಗ ಅಮ್ಮ ಫೋನಿನ ಮುಂದೆ ಕೂತು ನಂಬರು ಒತ್ತಿದಳು. "ಹೋಗೋದು ಬಿಡೋದು ಆಮೇಲೆ ಕಾವೇರಮ್ಮ, ಸುಮ್ನೆ ಪ್ಲಾನ್ ಮಾಡೋಣ" ಎಂಬ ಅವಳ ಕೂಗು ಕಿಟಕಿ ದಾಟಿ ಬೀದಿಗೆ ಹೋಯಿತು. ಎದುರು ಮನೆಯ ಕಿಟಕಿಯಲ್ಲಿ ಕಾವೇರಮ್ಮ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡು ನಗುತ್ತಿದ್ದರು.