ಆಟೋನಗರದ ನಾಯಿಗೆ ವರ್ಗವಾದದ್ದು

ಬ್ಯಾಂಕಿನವರ ಮನೆಯಲ್ಲಿ ಭಾರದ ಸಾಮಾನು ಇರಬಾರದು ಎಂದು ಮೊದಲ ಪೋಸ್ಟಿಂಗಿನಲ್ಲೇ ಒಬ್ಬ ಹಿರಿಯ ಸಹೋದ್ಯೋಗಿ ನನಗೆ ಹೇಳಿಕೊಟ್ಟಿದ್ದರು. ಮಡಚಲು ಬರುವ ಮಂಚ, ಒಂದರೊಳಗೊಂದು ಕೂರುವ ಪಾತ್ರೆ, ಮೊಳೆ ಕೇಳದ ಕನ್ನಡಿ. ಧಾರವಾಡ ಬಿಟ್ಟ ಮೇಲೆ ಆಂಧ್ರದ ಊರೂರುಗಳಲ್ಲಿ ಹೀಗೆಯೇ ಮಡಚಿಕೊಂಡು, ಬಿಚ್ಚಿಕೊಂಡು ಬದುಕಿದೆ. ಮಡಚಲು ಬಾರದ್ದು ಅಂತ ನನ್ನ ಬಳಿ ಇದ್ದದ್ದು ಗಂಡ ಒಬ್ಬರೇ. ಇವರು ವಿಜಯವಾಡದ ತೆಲುಗಿನವರು. ಅಲ್ಲಿಯ ಗ್ಯಾರೇಜುಗಳ ಬಡಾವಣೆ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು ಇವರದು. ನನಗೆ ವರ್ಗವಿತ್ತು, ಶೆಡ್ಡಿಗೆ ಇರಲಿಲ್ಲ. ಹೀಗಾಗಿ ನಮ್ಮ ಸಂಸಾರದ ಬಹುಭಾಗ ಶನಿವಾರದ ರೈಲು, ಭಾನುವಾರದ ರೈಲುಗಳಲ್ಲೇ ಕಳೆದುಹೋಯಿತು.

ನಿವೃತ್ತಿ ಹತ್ತಿರ ಬಂದಾಗ ವಿಶಾಖಪಟ್ಟಣಕ್ಕೆ ಹಾಕಿದರು. ಇದೇ ಕೊನೆಯ ಪೋಸ್ಟಿಂಗು ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಇವರ ಮೊಣಕಾಲಿನ ಆಪರೇಷನ್ ಆಗಿ, ಕುಕ್ಕರಗಾಲಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಅದನ್ನೇ ಹಿಡಿದುಕೊಂಡೆ. "ಶೆಡ್ಡು ನಿಮ್ಮ ತಮ್ಮಗ ಒಪ್ಪಿಸ್ರಿ. ಇನ್ನ ಮ್ಯಾಲೆ ಎಲ್ಲಾರೂ ಒಂದ ಮನ್ಯಾಗ ಇರೂಣು. ನನಗ ಸಾಕಾಗ್ಯದ" ಅಂದೆ. ಬಹಳ ದಣಿದಿದ್ದೆ. ಆ ದಣಿವು ಒಂದು ರಾತ್ರಿಯ ನಿದ್ದೆಗೆ ಹೋಗುವಂಥದಲ್ಲ. ಸಂಜೆ ಬ್ಯಾಂಕಿನಿಂದ ಬಂದು ಬಾಗಿಲು ತಳ್ಳಿದರೆ ಒಳಗೆ ಯಾರಾದರೂ ಇರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಇವರು "ಸರೇ" ಅಂದರು, ಆಯಿತು ಅಂತ. ನನ್ನ ತವರಿನಲ್ಲಿ ಕಲಿತ ಧಾರವಾಡದ ಕನ್ನಡವನ್ನು ಇವರು ಚೆನ್ನಾಗಿಯೇ ಆಡುತ್ತಾರೆ. ಮನಸ್ಸಿಲ್ಲದ ಮಾತಿಗೆ ಮಾತ್ರ ತೆಲುಗು ಬರುತ್ತದೆ. ಅದನ್ನು ಅಂದು ನಾನು ಗಮನಕ್ಕೆ ತಂದುಕೊಳ್ಳಲಿಲ್ಲ.

ಎಲ್ಲರೂ ಅಂದರೆ ನಾವಿಬ್ಬರು, ಒಂದು ನಾಯಿ, ಒಂದು ಬೆಕ್ಕು. ನಮಗೆ ಮಕ್ಕಳಿಲ್ಲ. ಹೀಗೆಂದ ಕೂಡಲೇ ಜನ ನಾಯಿ, ಬೆಕ್ಕುಗಳ ಕಡೆ ತಿರುಗಿ "ಓಹ್" ಅನ್ನುತ್ತಾರೆ. ಆ "ಓಹ್" ಕೇಳಿದರೆ ನನಗೆ ಮೈ ಉರಿಯುತ್ತದೆ. ನಾಯಿ ನಾಯಿಯೇ, ಬೆಕ್ಕು ಬೆಕ್ಕೇ. ಅವು ಯಾರ ಜಾಗವನ್ನೂ ತುಂಬಲು ಬಂದವಲ್ಲ.

ನಾಯಿ ಹುಟ್ಟಿದ್ದು ಶೆಡ್ಡಿನಲ್ಲಿ, ಚಕ್ರ ಬಿಚ್ಚಿ ನಿಲ್ಲಿಸಿದ್ದ ಒಂದು ಲಾರಿಯ ಅಡಿ. ಅದರ ನಿಜವಾದ ಬಣ್ಣ ಏನೆಂದು ಬಹಳ ದಿನ ಗೊತ್ತಾಗಲಿಲ್ಲ. ಗ್ರೀಸು, ಡೀಸೆಲ್ಲು, ಕಬ್ಬಿಣದ ಪುಡಿ ಎಲ್ಲ ಮೆತ್ತಿಕೊಂಡು ಓಡಾಡುತ್ತಿತ್ತು. ಆ ಸಾಲಿನಲ್ಲಿ ಶೆಡ್ಡಿಗೊಂದು ಹೆಸರು ಅದಕ್ಕೆ. ಎಲ್ಲ ಹೆಸರಿಗೂ ಓಗೊಡುತ್ತಿತ್ತು, ಎಲ್ಲ ಕಡೆ ತಿನ್ನುತ್ತಿತ್ತು. ಬೆಳಿಗ್ಗೆ ವೆಲ್ಡಿಂಗಿನವರ ಇಡ್ಲಿ, ಮಧ್ಯಾಹ್ನ ಪೇಂಟಿನವರ ಅನ್ನ. ರಾತ್ರಿ ಇವರ ಸ್ಕೂಟರಿನ ಹಿಂದೆ ಓಡಿಬಂದು ನಮ್ಮ ಮನೆಯ ಹೊಸ್ತಿಲಲ್ಲಿ ಮಲಗುತ್ತಿತ್ತು. ಹಾಗೆ ಮಲಗುತ್ತಿದ್ದುದರಿಂದ ಅದು ನಮ್ಮದು ಎಂದು ನಾವು ಅಂದುಕೊಂಡಿದ್ದೆವು.

ಅದಕ್ಕೊಂದು ಕೆಲಸವಿತ್ತು. ಲಾರಿ ಹಿಮ್ಮುಖವಾಗಿ ಶೆಡ್ಡಿನೊಳಗೆ ಬರುವಾಗ ಹಿಂದೆ ನಿಂತು ಒಬ್ಬರು ಅದರ ಬಾಡಿಯನ್ನು ತಟ್ಟುತ್ತ ಕೂಗಬೇಕು. ಆ ಕೂಗು ಶುರುವಾದರೆ ಸಾಕು, ನಾಯಿ ಎಲ್ಲಿದ್ದರೂ ಓಡಿಬಂದು ಲಾರಿಯ ಹಿಂದಿನ ದಾರಿಯಲ್ಲಿ ಅಡ್ಡಾಡಿ ಬೊಗಳುತ್ತಿತ್ತು. ಚಹಾ ಹಿಡಿದು ನಿಂತವರು, ಬೀಡಿ ಸೇದುವವರು, ಕೋಳಿಗಳು, ಬೇರೆ ನಾಯಿಗಳು, ಎಲ್ಲರೂ ಬದಿಗೆ ಸರಿಯಬೇಕು. ಲಾರಿ ನಿಂತ ಮೇಲೆ ಒಂದೊಂದು ಚಕ್ರವನ್ನೂ ಮೂಸಿ, ಕೊನೆಗೆ ಒಂದಕ್ಕೆ ಕಾಲೆತ್ತಿ, ಮುಗಿಯಿತು ಎಂಬಂತೆ ಹೋಗಿ ಮಲಗುತ್ತಿತ್ತು. ಇದನ್ನು ಯಾರೂ ಕಲಿಸಿದ್ದಲ್ಲ.

ಬೆಕ್ಕಿಗೆ ಕೆಲಸ ಎಂಬುದೇ ಇರಲಿಲ್ಲ. ವಿಜಯವಾಡದ ಮನೆಗೆ ಪಕ್ಕದ ತಾರಸಿಯಿಂದ ಒಂದು ದಿನ ಇಳಿದುಬಂದು ಫ್ರಿಜ್ಜಿನ ಮೇಲೆ ಕೂತಿತು, ಅಲ್ಲಿಂದ ಮನೆ ಅದರದಾಯಿತು. ಇಲಿ ಕಂಡರೆ ನನ್ನ ಮುಖ ನೋಡುತ್ತಿತ್ತು, ನೀನೇ ಏನಾದರೂ ಮಾಡು ಎಂಬಂತೆ. ಇಸ್ತ್ರಿ ಮಾಡಿಟ್ಟ ಸೀರೆಯೇ ಬೇಕು ಮಲಗಲು. ಕರೆದರೆ ಬಾರದು, ಕರೆಯದಿದ್ದರೆ ಬಂದು ಕಾಲಿಗೆ ತೊಡರುತ್ತದೆ. ನಾಯಿ ಬಾಲ ಅಲ್ಲಾಡಿಸುವುದನ್ನು ಅದು ನೋಡುತ್ತಿದ್ದ ರೀತಿ ಥೇಟ್ ನನ್ನ ಅತ್ತೆಯದು. ಅವರು ತೀರಿಕೊಂಡಿದ್ದಾರೆ, ಹೇಳಬಾರದು, ಆದರೂ ಅವರದೇ.

ಹೊರಡುವ ಮೊದಲು ಆಟೋನಗರದವರು ನಾಯಿಗೆ ಬೀಳ್ಕೊಡುಗೆ ಮಾಡಿದರು. ಬ್ಯಾಂಕಿನಲ್ಲಿ ನನಗೆ ಮಾಡಿದ್ದಕ್ಕಿಂತ ಅದೇ ಚೆನ್ನಾಗಿತ್ತು. ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಳಿ ಬಿರಿಯಾನಿ. "ಮಾ ಕುಕ್ಕಕಿ ಟ್ರಾನ್ಸ್‌ಫರ್ ಒಚ್ಚಿಂದಂಡಿ" ಎಂದು ವೆಲ್ಡಿಂಗಿನವರು ಬಂದವರಿಗೆಲ್ಲ ಹೇಳುತ್ತಿದ್ದರು. ನಮ್ಮ ನಾಯಿಗೆ ವರ್ಗವಾಯಿತು ಅಂತ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ವರ್ಗವಾದರೆ ಹೋಗಬೇಕು, ಹೋದಲ್ಲಿ ಹೊಂದಿಕೊಳ್ಳಬೇಕು. ಜೀವಮಾನವೆಲ್ಲ ನಾನು ಮಾಡಿದ್ದು ಅದನ್ನೇ.

ವಿಶಾಖಪಟ್ಟಣದಲ್ಲಿ ಎಂವಿಪಿ ಕಾಲೋನಿಯ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮನೆ ಸಿಕ್ಕಿತು. ಬೆಕ್ಕು ಮನೆಯನ್ನು ಹಚ್ಚಿಕೊಳ್ಳುತ್ತದೆ, ನಾಯಿ ಮನುಷ್ಯರನ್ನು ಎಂದು ಎಲ್ಲರೂ ಹೇಳಿದ್ದರಿಂದ ನಾನು ಹೆದರಿದ್ದದ್ದು ಬೆಕ್ಕಿಗೆ. ಬುಟ್ಟಿಯಿಂದ ಇಳಿದ ಬೆಕ್ಕು ಕೋಣೆಕೋಣೆಗೂ ಹೋಗಿ ನೋಡಿ, ಫ್ರಿಜ್ಜು ಎಲ್ಲಿಟ್ಟಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಅದರ ಮೇಲೆ ಹತ್ತಿ ಮಲಗಿತು. ಮೀನಿನವಳ ಕೂಗು ಯಾವುದು, ಸೊಪ್ಪಿನವಳ ಕೂಗು ಯಾವುದು ಎಂದು ನನಗಿಂತ ಮೊದಲು ಕಲಿಯಿತು. ಅದರ ಪಾಲಿಗೆ ಊರು ಬದಲಾದದ್ದು ಒಳ್ಳೆಯದೇ ಆಯಿತು.

ನಾಯಿಗೆ ಹೊಸ ಹಾಸಿಗೆ, ಹೊಸ ಬಟ್ಟಲು ತಂದೆ. ಸ್ನಾನ ಮಾಡಿಸಿದಾಗ ಅದು ಕಂದು ಬಣ್ಣದ್ದು ಎಂದು ತಿಳಿಯಿತು. ಪಾಪ, ಇಷ್ಟು ವರ್ಷ ಬಿಸಿಲು, ಧೂಳು, ಹಾರ್ನು ಎಂದು ಒದ್ದಾಡಿದೆ, ಇನ್ನು ಹಾಯಾಗಿ ಮಲಗಲಿ ಅಂದುಕೊಂಡೆ. ನನಗೆ ಬೇಕಾದದ್ದು ಅದಕ್ಕೂ ಬೇಕು ಎಂದುಕೊಂಡದ್ದು ಈಗ ನೆನೆದರೆ ನಗು ಬರುತ್ತದೆ. ಅದು ಬಾಗಿಲಿನ ಕಡೆ ಮುಖ ಮಾಡಿ ಮಲಗಿತು. ಇವರು ಟೀವಿಯ ಕಡೆ ಮುಖ ಮಾಡಿ ಕೂತರು.

"ಯಾಕೋ ಮಂಕಾಗೇದ" ಅಂದರು ಇವರು.

"ಹೊಸಾ ಜಾಗಾ. ಜಾಯ್ನಿಂಗ್ ಟೈಮ್ ಕೊಡ್ರಿ ಅದಕ್ಕ" ಅಂದೆ ನಾನು. ವರ್ಗವಾದವರಿಗೆ ಹೊಸ ಜಾಗ ಸೇರಿಕೊಳ್ಳಲು ಬ್ಯಾಂಕು ಕೆಲವು ದಿನ ಕೊಡುತ್ತದಲ್ಲ, ಹಾಗೆ.

ಸಂಜೆ ವಾಕಿಂಗಿಗೆ ಇಳಿಸಿದಾಗ ಅಪಾರ್ಟ್‌ಮೆಂಟಿನ ಕಾರುಗಳು ಹಿಂದಕ್ಕೆ ಬಂದು ಕೆಳಗೆ ನಿಲ್ಲುವ ಹೊತ್ತು. ನಾಯಿ ಇವರ ಕೈಯಿಂದ ಕಿತ್ತುಕೊಂಡು ಓಡಿ ಕಾರಿನ ಹಿಂದೆ ನಿಂತು ಬೊಗಳಲು ಶುರು ಮಾಡಿತು. ಟ್ಯೂಷನ್ನಿಗೆ ಹೊರಟ ಮಕ್ಕಳು ಚೀರಿದರು. ಒಂದೆರಡು ಬಾರಿ ಹೀಗಾದ ಮೇಲೆ ಕೆಳಗಿನ ಮನೆಯಾಕೆ ಮೇಲೆ ಬಂದರು. ಬಹಳ ಮರ್ಯಾದೆಯ ಹೆಂಗಸು. "ಏಮೀ ಅನುಕೋಕಂಡಿ ಮೇಡಂ" ಎಂದೇ ಶುರು ಮಾಡಿದರು, ಏನೂ ಅಂದುಕೊಳ್ಳಬೇಡಿ ಅಂತ. ಹಾಗೆ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆ ಎಂದು ಆಂಧ್ರದಲ್ಲಿದ್ದವರಿಗೆ ಗೊತ್ತು. ಮರುದಿನದಿಂದ ನಾಯಿಯನ್ನು ಕೆಳಗೆ ಇಳಿಸುವ ವೇಳೆ ಬದಲಾಯಿಸಿದೆವು, ಕಾರುಗಳು ಅಲ್ಲಾಡದ ಹೊತ್ತಿಗೆ.

ಆಮೇಲೆ ಅದು ಊಟ ಬಿಟ್ಟಿತು. ಮೊದಲು ಅನ್ನ, ಆಮೇಲೆ ಹಾಲು, ಕೊನೆಗೆ ನಾನು ಅದಕ್ಕೆಂದೇ ತರಿಸಿದ ಕೋಳಿಯನ್ನೂ ಮುಟ್ಟಲಿಲ್ಲ. ಬೆಕ್ಕು ಬಂದು ಅದರ ಬಟ್ಟಲಿಗೇ ಬಾಯಿ ಹಾಕಿದರೂ ತಲೆ ಎತ್ತಲಿಲ್ಲ. ಒಂದು ರಜೆಯ ದಿನ ಮಧುರವಾಡದ ಪ್ರಾಣಿವೈದ್ಯರ ಬಳಿ ಹೋದೆವು. ರಕ್ತ ಪರೀಕ್ಷೆ ಮಾಡಿದರು, ಹೊಟ್ಟೆ ಒತ್ತಿ ನೋಡಿದರು, ರೋಗವೇನೂ ಇಲ್ಲ ಅಂದರು. ಆದರೆ ವಯಸ್ಸಾಗಿದೆ, ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದೂ ಹೇಳಿದರು. ಸಲೈನ್ ಏರಿಸುತ್ತಿರುವಾಗ ಅದು ನನ್ನ ಕೈಯನ್ನು ಒಮ್ಮೆ ನೆಕ್ಕಿತು. ನನಗೆ ಅಲ್ಲಿಯೇ ಅಳು ಬಂತು. ಇವರು ಕಿಟಕಿಯ ಆಚೆ ನೋಡುತ್ತ ನಿಂತಿದ್ದರು.

ಬರುವ ದಾರಿಯಲ್ಲಿ ನಾನೇ ಕೇಳಿದೆ, "ಆಟೋನಗರಕ್ಕ ಬಿಟ್ಟು ಬರೂಣೇನು?"

"ಬ್ಯಾಡ. ನೀ ಎಲ್ಲಾರೂ ಕೂಡಿ ಇರೂಣು ಅಂದಿದ್ದಿ" ಅಂದರು ಇವರು. ಆ ಮಾತಿನಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ. ಇತ್ತೀಚೆಗೆ ಇವರ ಮಾತೆಲ್ಲ ಹಾಗೆಯೇ ಆಗಿತ್ತು. ಮೊಣಕಾಲಿನ ನೋವು ಎಂದು ನಾನು ತಿಳಿದಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಎದುರು ಅಪಾರ್ಟ್‌ಮೆಂಟಿಗೆ ಯಾರೋ ಹೊಸಬರು ಬರುತ್ತಿದ್ದರು. ಸಾಮಾನು ತುಂಬಿದ ಲಾರಿ ಓಣಿಯೊಳಗೆ ಹಿಮ್ಮುಖವಾಗಿ ಬರಲು ಹೆಣಗುತ್ತಿತ್ತು. ಹೊರಕೋಣೆಯ ಕಡೆ ಏನೋ ಸದ್ದಾಯಿತು. ಸಟ್ಟುಗ ಹಿಡಿದುಕೊಂಡೇ ಬಂದು ನೋಡಿದೆ. ಎಷ್ಟೋ ದಿನದಿಂದ ಎದ್ದು ನಿಲ್ಲದ ನಾಯಿ ಬಾಲ್ಕನಿಯ ಸರಳಿನ ಮೇಲೆ ಮುಂಗಾಲಿಟ್ಟು ಗಂಟಲು ಹರಿಯುವಂತೆ ಬೊಗಳುತ್ತಿತ್ತು. ಅದರ ಪಕ್ಕದಲ್ಲಿ ಇವರು. ಲುಂಗಿ ಮೇಲೆ ಕಟ್ಟಿ, ಅರ್ಧ ಮೈ ಆಚೆ ಚಾಚಿ, ಒಂದು ಕೈಯಿಂದ ಕಬ್ಬಿಣದ ಸರಳಿಗೆ ಬಡಿಯುತ್ತ ಕೂಗುತ್ತಿದ್ದರು.

"ರಾನೀ, ರಾನೀ, ರಾನೀ... ಎಡಮಕಿ, ಎಡಮಕಿ... ಆಪಾಪಾಪು!"

ಬರಲಿ, ಎಡಕ್ಕೆ, ನಿಲ್ಲಿಸು. ಲಾರಿ ಗೇಟಿನ ಕಂಬಕ್ಕೆ ತಾಗದೆ ಸರಿಯಾಗಿ ಒಳಗೆ ಹೋಯಿತು. ಡ್ರೈವರು ತಲೆ ಹೊರಗೆ ಹಾಕಿ ಮೇಲೆ ನೋಡಿ ಕೈ ಎತ್ತಿದ. ಇವರೂ ಕೈ ಎತ್ತಿದರು. ಕೆಳಗಿನ ಮನೆಯಾಕೆ ಬಾಲ್ಕನಿಗೆ ಬಂದು ಮೇಲೆ ನೋಡುತ್ತಿದ್ದರು, ಇವರಿಗೆ ಅದರ ಪರಿವೆಯೇ ಇರಲಿಲ್ಲ. ನಾಯಿಯ ನಾಲಿಗೆ ಹೊರಗಿತ್ತು, ಮೈಯೆಲ್ಲ ನಡುಗುತ್ತಿತ್ತು. ಇಬ್ಬರ ಮುಖದಲ್ಲೂ ಒಂದೇ ಕಳೆ.

ಲಾರಿಯ ಎಂಜಿನ್ನು ಆರಿತು. ನಾಯಿ ಇನ್ನೂ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಬಂದು ಬಾಗಿಲಿನ ಕಡೆ ಮುಖ ಮಾಡಿ ಮಲಗಿತು. ಇವರು ಬಂದು ಟೀವಿಯ ಮುಂದೆ ಕೂತರು. ಒಳಗೆ ದೋಸೆ ಹತ್ತಿದ ವಾಸನೆ ಬರುತ್ತಿತ್ತು. ನಾನು ಹೋಗಿ ಒಲೆ ಆರಿಸಿದೆ. ನಾಯಿಯನ್ನು ಇಷ್ಟು ದಿನ ದಿಟ್ಟಿಸಿ ನೋಡಿದ್ದೆ, ಇವರನ್ನು ನೋಡಿರಲಿಲ್ಲ. ನಾಯಿ ಊಟ ಬಿಟ್ಟು ತೋರಿಸಿತು, ಇವರು ಹೊತ್ತುಹೊತ್ತಿಗೆ ಉಂಡು ತಟ್ಟೆ ತೊಳೆದಿಡುತ್ತಿದ್ದರು, ಅಷ್ಟೇ ವ್ಯತ್ಯಾಸ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಇಷ್ಟು ವರ್ಷ ಓಡಾಡಿ, ಕೊನೆಗೊಂದು ಮನೆ ಕೂಡಿಸಿದರೆ, ಆ ಮನೆಯಲ್ಲಿ ಸುಖವಾಗಿದ್ದದ್ದು ಬೆಕ್ಕು ಒಂದೇ.

ತಿಂಡಿ ಕೊಡುವಾಗ ಹೇಳಿದೆ, "ನಾಯಿನ್ನ ಕರಕೊಂಡು ವಿಜಯವಾಡಕ್ಕ ಹೋಗ್ರಿ."

"ಬಿಟ್ಟು ಬರ್ತೇನಿ. ಎರಡ ದಿನದಾಗ ಬರ್ತೇನಿ" ಅಂದರು.

"ಬಿಟ್ಟು ಬರಬ್ಯಾಡ್ರಿ. ನೀವೂ ಇರ್ರಿ. ಕುರ್ಚಿ ಹಾಕ್ಕೊಂಡು ಕೂತು ಕೆಲಸಾ ನೋಡ್ರಿ. ಕೆಳಗ ಕುಕ್ಕರಗಾಲಾಗ ಮಾತ್ರ ಕೂಡಬ್ಯಾಡ್ರಿ."

ಇವರು ದೋಸೆ ಮುರಿಯುವುದನ್ನು ನಿಲ್ಲಿಸಿದರು. "ಮತ್ತ ನೀ?"

"ನನಗ ಬೆಕ್ಕದ" ಅಂದೆ.

ಬೇಡ ಅನ್ನಲಿ ಎಂದು ಒಂದು ಗಳಿಗೆ ಕಾದೆ, ಸುಳ್ಳು ಯಾಕೆ ಹೇಳಲಿ. ಇವರು ಬೇಡ ಅನ್ನಲಿಲ್ಲ. ನನ್ನ ಕೈ ಹಿಡಿದುಕೊಂಡರು, ಎಂಜಲು ಕೈಯಲ್ಲೇ.

ಮಾರನೆಯ ಬೆಳಿಗ್ಗೆ ಬಾಡಿಗೆ ಕಾರು ಬಂತು. ನಾಯಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ನಾನು ಬ್ಯಾಂಕಿಗೆ ಹೋದೆ. ದಿನವೆಲ್ಲ ಕೌಂಟರಿನ ಗಲಾಟೆಯಲ್ಲಿ ಕಳೆಯಿತು. ಸಂಜೆ ಬಾಗಿಲಿಗೆ ನಾನೇ ಬೀಗದಕೈ ಹಾಕಿ ತೆಗೆದು ಒಳಗೆ ಬಂದಾಗ ಫೋನು ಬಂತು. ಹಿಂದೆ ಸುತ್ತಿಗೆಯ ಸದ್ದು, ಯಾರೋ ಯಾರನ್ನೋ ಬೈಯುತ್ತಿದ್ದ ಸದ್ದು.

"ತಿಂತೇನ್ರಿ?" ಎಂದು ಕೇಳಿದೆ.

"ತಿಂದದ್ದೇನು ಕೇಳ್ತಿ! ವೆಲ್ಡಿಂಗಿನವ್ರ ಕಡೆ ತಿಂತು, ಪೇಂಟಿನವ್ರ ಕಡೆ ತಿಂತು, ಈಗ ನನ್ನ ಬನ್ನು ಕಸಗೊಂಡು ಓಡಿತು" ಎಂದು ಇವರು ನಕ್ಕರು. ಜೋರಾಗಿ, ಕೆಮ್ಮು ಬರುವವರೆಗೆ ನಕ್ಕರು. ಆ ನಗು ನನಗೆ ಗೊತ್ತಿತ್ತು. ನಮ್ಮ ಲಗ್ನದ ಹೊಸತರಲ್ಲಿ ಅದನ್ನು ಕೇಳಲೆಂದೇ ನಾನು ಶನಿವಾರದ ರೈಲು ಹತ್ತುತ್ತಿದ್ದೆ. ಎಂವಿಪಿ ಕಾಲೋನಿಯ ಈ ಮನೆಯಲ್ಲಿ, ನಾವೆಲ್ಲ ಕೂಡಿ ಇದ್ದ ಅಷ್ಟೂ ದಿನ, ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.