ಎಣ್ಣೆ ಹತ್ತದ ಕಾಲುಚೀಲ

ನನ್ನ ಎಡಗಾಲು ಕ್ಲಚ್ ಮೇಲಿಂದ ಜಾರಿದ್ದು ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರಿಗೆ. ಕಾರು ಒಮ್ಮೆ ಕುಪ್ಪಳಿಸಿ, ಕಲ್ಲಂಗಡಿ ರಾಶಿಗೆ ಗೇಣು ದೂರದಲ್ಲಿ ನಿಂತಿತು. ಹಣ್ಣು ಮಾರುವಾಕೆ ಕೂತಲ್ಲಿಂದ ಏಳಲೂ ಇಲ್ಲ.

"ಆಯೀ, ಹಣ್ಣ ಬೇಕಂದ್ರ ಇಳದು ಬರ್ರಿ. ಕಾರ್ ತಗೊಂಡು ಬರಬ್ಯಾಡ್ರಿ" ಎಂದಳು.

ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಪಕ್ಕದ ಸೀಟಿನಲ್ಲಿದ್ದ ನನ್ನ ಯಜಮಾನರು ನಗಲಿಲ್ಲ. ಬಗ್ಗಿ ನನ್ನ ಚಪ್ಪಲಿಗೆ ಬೆರಳು ಹಚ್ಚಿ ಮೂಸಿದರು. ಜೀವನವಿಡೀ ದನದ ಡಾಕ್ಟರ್ ಆಗಿದ್ದವರು. ಯಾವುದನ್ನೂ ಮೂಸದೆ ನಂಬುವ ಮನುಷ್ಯರಲ್ಲ.

"ಗೇರ್ ಆಯಿಲ್" ಎಂದರು. "ಮತ್ತ ಸೋರಾಕತ್ತದ."

ಈ ಕಾರು ನನ್ನ ತವರಿನದು. ಜೇವರ್ಗಿಯಲ್ಲಿ ವಕೀಲರಾಗಿದ್ದ ಅಪ್ಪ ನಾನು ಹುಟ್ಟುವ ಮೊದಲೇ ಕೊಂಡದ್ದು. ಕಾನ್ವೆಂಟ್ ಹಾಸ್ಟೆಲಿನಿಂದ ಬೇಸಿಗೆ ರಜೆಗೆ ಬಂದಾಗ ಸುಗ್ಗಿ ಮುಗಿದ ಎರೆ ಹೊಲದ ಬದಿಯಲ್ಲಿ ನನಗೆ ಸ್ಟೇರಿಂಗ್ ಹಿಡಿಸಿದರು. ಅಕ್ಕಂದಿರು ತವರಿನಿಂದ ಬಂಗಾರ ಕೇಳಿದರು, ನಾನು ಇದನ್ನು ಕೇಳಿದೆ. I never regretted it ಎಂದು ಇವತ್ತಿಗೂ ಧೈರ್ಯವಾಗಿ ಹೇಳುತ್ತೇನೆ. ಯಜಮಾನರು ಡ್ರೈವಿಂಗ್ ಕಲಿಯಲೇ ಇಲ್ಲ. ಮದುವೆಯಾದಾಗಿನಿಂದ ಅವರದು ಎಡಗಡೆಯ ಸೀಟು.

ಕಾಯಿಲೆ ಸ್ಪೀಡೋಮೀಟರಿನದು. ಕಾರು ಎಷ್ಟು ವೇಗದಲ್ಲಿದೆ ಎಂಬ ಸುದ್ದಿಯನ್ನು ಗೇರ್ ಬಾಕ್ಸಿನಿಂದ ಮೇಲೆ ಒಯ್ಯುವುದು ಒಂದು ಕೇಬಲ್. ಅದರೊಳಗೆ ಸುರುಳಿ ಸುತ್ತಿದ ತಂತಿಯೊಂದು ಗಿರಗಿರ ತಿರುಗುತ್ತದೆ. ಕೆಳಗಿನ ಜೋಡಣೆಯಲ್ಲಿ ಎಣ್ಣೆ ನುಸುಳಿತೆಂದರೆ ಆ ಸುರುಳಿಯನ್ನೇ ಹಿಡಿದು ಮೇಲೇರಿ, ಡಯಲಿನ ಹಿಂದಿನಿಂದ ಸರಿಯಾಗಿ ನನ್ನ ಎಡಗಾಲಿನ ಮೇಲೆ ತೊಟ್ಟಿಕ್ಕುತ್ತದೆ. ನಾವೂ ಈಗ ಇರುವ ಜೇವರ್ಗಿಯಲ್ಲಿ ಗ್ಯಾರೇಜಿನವರು ಮೂರು ಸಲ ಜೋಡಣೆಯ ರಬ್ಬರ್ ಸೀಲ್ ಬದಲಿಸಿದ್ದರು, ಒಮ್ಮೆ ಇಡೀ ಕೇಬಲನ್ನೇ ಬದಲಿಸಿದ್ದರು. ಪ್ರತಿಸಲವೂ ಹತ್ತು ದಿನ ಒಣಗಿರುತ್ತಿತ್ತು, ಆಮೇಲೆ ಮತ್ತೆ ಹನಿ.

ಆ ದಿನ ಮನೆಗೆ ಬಂದ ಮೇಲೆ ಯಜಮಾನರು ಚಹಾ ಮುಗಿಸಿ ಶಾಂತವಾಗಿ ಹೇಳಿದರು: "ಇನ್ನೊಂದ್ಸಲ ರಿಪೇರಿ ಮಾಡಸು. ಆಮ್ಯಾಲೂ ಹನಿ ಬಿತ್ತಂದ್ರ ಕೀಲಿ ನನ್ನ ಕೈಯಾಗ ಕೊಡು. ಕಾರ್ ಶೆಡ್ಡಿನಾಗ ಇರಲಿ. ನಾವು ಬಸ್ಸಿನಾಗ ತಿರಗೂಣು."

ಸಿಟ್ಟಿನಲ್ಲಿ ಹೇಳಿದ್ದರೆ ಜಗಳ ಆಡಬಹುದಿತ್ತು. ಶಾಂತವಾಗಿ ಹೇಳಿದ್ದರಿಂದ ಆಗಲಿ ಎಂದೆ. ಕಲ್ಲಂಗಡಿಯ ಜಾಗದಲ್ಲಿ ಯಾರಾದರೂ ನಿಂತಿದ್ದರೆ? ಆ ಪ್ರಶ್ನೆ ನನಗೂ ಬಂದಿತ್ತು.

ಆಳಂದದಲ್ಲಿ ಹಳೆಯ ಜೀಪುಗಳನ್ನು ರಿಪೇರಿ ಮಾಡುವ ವಯಸ್ಸಾದ ಮಿಸ್ತ್ರಿ ಒಬ್ಬರಿದ್ದಾರೆ. ಕೇಬಲಿನ ತುದಿಗೆ ಬಟ್ಟೆ ಸುತ್ತಿ, ನಿಧಾನವಾಗಿ ಓಡಿಸಿಕೊಂಡು ಅಲ್ಲಿಗೆ ಹೋದೆವು. ಮಿಸ್ತ್ರಿ ಕಾರಿನ ಕೆಳಗೆ ಮಲಗಿ, ಮೊಬೈಲ್ ಬೆಳಕಿನಲ್ಲಿ ಬಹಳ ಹೊತ್ತು ನೋಡಿ ಹೊರಗೆ ಬಂದರು.

"ಅಮ್ಮಾರ, ಸೀಲ್ ಛಲೋ ಅದ. ಕೇಬಲ್ ಛಲೋ ಅದ. ಎಣ್ಣಿ ಸುದ್ದಾ ಜಾಸ್ತಿ ಹಾಕಿಲ್ಲ. ಈ ಮೂವರದೇನೂ ಕಸೂರ್ ಇಲ್ರಿ. ಒಳಗಿಂದ ಯಾರೋ ದಬ್ಬಾಕತ್ತಾರ."

ಕಾರಿನೊಳಗೆ ಕೂತು ಮ್ಯಾಟ್ ಎತ್ತಿ, ಗೇರ್ ಬಾಕ್ಸಿನ ಮೇಲಿನ ತಗಡು ಬಿಚ್ಚಿದರು. ಒಳಗೆ ಇಣುಕಿ, ಯಜಮಾನರನ್ನು ಕರೆದರು.

"ಡಾಕ್ಟರ್ ಸಾಹೇಬ್ರ, ಇದು ನಿಮ್ಮ ಕೇಸ್ ಅದ, ಬರ್ರಿ. ಹೊಟ್ಟಿ ಉಬ್ಬೇದ. ಉಸಿರು ಬಿಡೋ ತೂತು ಬಂದ್ ಆಗೇದ. ಗಾಡಿ ಕಾದಾಗ ಒಳಗಿನ ಗಾಳಿಗೆ ದಾರಿ ಇಲ್ಲ, ಅದಕ್ಕ ಎಣ್ಣಿ ಕೇಬಲ್ ಕಡಿಗೆ ನುಗ್ತದ." ತಲೆ ಎತ್ತಿ ಕೇಳಿದರು: "ಈ ತೂತಿಗೆ ಯಾರ್ರಿ ಸಿಮೆಂಟ್ ಮೆತ್ತಿದವರು?"

ಅಲ್ಲಿ ಬೋರೆಹಣ್ಣಿನಷ್ಟು ದೊಡ್ಡ, ಉಸಿರಿಗೆಂದು ತೂತು ಕೊರೆದಿದ್ದ ಹಿತ್ತಾಳೆಯ ಗುಂಡಿಯೊಂದಿತ್ತು. ಅದರ ಮೇಲೆ ಮೆತ್ತಿದ್ದು ಏನೆಂದು ನೋಡಿದ ಕೂಡಲೇ ನನಗೆ ತಿಳಿಯಿತು.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಎಲ್ಲರೂ ಬಾನೆಟ್ಟಿಗೆ, ಗಾಲಿಗೆ ವಿಭೂತಿ ಹಚ್ಚುತ್ತಾರೆ. ಅಂದೋಲಾ ಊರಿನವಳಾದ ನನ್ನ ಅವ್ವನಿಗೆ ಅಷ್ಟು ಸಾಲುತ್ತಿರಲಿಲ್ಲ. ಹೊರಗೆ ನಿಂತು ಮೆರೆಯುವವರಿಗಷ್ಟೇ ಪೂಜೆ ಮಾಡಿ, ಒಳಗೆ ದುಡಿಯುವವರನ್ನು ಮರೆಯಬಾರದು ಎಂಬುದು ಅವಳ ಮಾತು. ಮ್ಯಾಟ್ ಎತ್ತಿಸಿ, ತಗಡು ಬಿಚ್ಚಿಸಿ, ಆ ಹಿತ್ತಾಳೆಯ ಗುಂಡಿಯನ್ನೇ ಗೇರ್ ಬಾಕ್ಸಿನ ಹಣೆ ಎಂದುಕೊಂಡು ಒದ್ದೆ ವಿಭೂತಿಯ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಡುತ್ತಿದ್ದಳು. ಅವಳ ನಂತರ ಆ ಕೆಲಸ ನನ್ನದಾಯಿತು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡಬಾರದು, be thorough, ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರಲ್ಲ, ನಾನು ಅವ್ವನಿಗಿಂತ ಥರೋ ಆಗಿ ಹಚ್ಚಿದೆ.

"ನಾನೇ" ಎಂದೆ.

ಕಲ್ಲಂಗಡಿಯ ದಿನದಿಂದ ಬಿಗಿದುಕೊಂಡಿದ್ದ ಯಜಮಾನರ ಮುಖ ಸಡಿಲವಾಯಿತು. "ಹಿಂಗ ಯಾರರೆ ದನದ ಮೂಗಿಗೆ ವಿಭೂತಿ ಮೆತ್ತಿ ತಂದಿದ್ರ ಬೈದು ಕಳಸ್ತಿದ್ದೆ."

"ನನಗೂ ಬೈರಿ."

"ನಿನಗ ಬೈದ್ರ ಊರಿಗೆ ಹ್ಯಾಂಗ ಹೋಗಲಿ? ಬಸ್ ಈಗರೆ ಹೋತು."

ಮಿಸ್ತ್ರಿ ಬ್ಲೇಡಿನಿಂದ ಕೆರೆಯತೊಡಗಿದರು. ಎಣ್ಣೆಯ ಹಬೆ ಕುಡಿದು ಕಲ್ಲಾಗಿದ್ದ ಪದರುಗಳು: ಬಿಳಿ, ಕೆಂಪು, ಬಿಳಿ, ಕೆಂಪು. ಮೇಲಿನವು ನನ್ನವು. ಎಲ್ಲಕ್ಕಿಂತ ಕೆಳಗೆ, ಬರೀ ಹಿತ್ತಾಳೆಗೆ ಅಂಟಿಕೊಂಡಿದ್ದ ತೆಳುವಾದ ಪದರು ಅವ್ವನ ಬೆರಳಿನದು. ಅದನ್ನು ಎಬ್ಬಿಸುವ ಮೊದಲು ಮಿಸ್ತ್ರಿ ನನ್ನ ಮುಖ ನೋಡಿದರು. ಕೆರೆಯಿರಿ ಎಂದೆ. ಆ ಚೂರನ್ನು ಕಾಗದದಲ್ಲಿ ಸುತ್ತಿ ಗ್ಲೋವ್ ಬಾಕ್ಸಿನಲ್ಲಿಟ್ಟೆ. ಕಾರು ಉಸಿರಾಡುವುದನ್ನು ಅವ್ವ ಬೇಡ ಎನ್ನುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೂ ಗ್ಲೋವ್ ಬಾಕ್ಸಿನ ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿದೆ.

ಗುಂಡಿಯನ್ನು ಡೀಸೆಲ್‌ನಲ್ಲಿ ನೆನೆಸಿ, ಮಿಸ್ತ್ರಿ ಬಾಯಿಂದ ಊದಿದರು. ಇನ್ನೊಂದು ಬದಿಯಿಂದ ಗಾಳಿ ಬಂತು. ಹೇಗೂ ಬಿಚ್ಚಿದ್ದೇನೆಂದು ಹೊಸ ಸೀಲನ್ನೂ ಕೂರಿಸಿದರು. ಒಳತಂತಿಯನ್ನು ಒರೆಸಿ, ಕೆಳಗಿನ ಅರ್ಧಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಹಚ್ಚಿ, "ಮ್ಯಾಲಿನ ಅರ್ಧ ಒಣಾನೇ ಇರಬೇಕ್ರಿ. ಪೂಜಾ ಮಾಡೂದಿದ್ರ ಇನ್ಮ್ಯಾಲ ತಗಡಿಗೆ ಮಾಡ್ರಿ" ಎಂದರು.

ಹೊರಡುವ ಮೊದಲು ಆಳಂದದ ಬಜಾರಿನಲ್ಲಿ ಶಾಲೆಯ ಮಕ್ಕಳು ಹಾಕುವಂಥ ಬಿಳಿ ಕಾಲುಚೀಲದ ಜೋಡಿ ಕೊಂಡೆ. ಒಂದನ್ನು ಎಡಗಾಲಿಗೆ ಹಾಕಿಕೊಂಡೆ. ಹನಿ ಬಿದ್ದರೆ ಬಚ್ಚಿಡಲು ಆಗಬಾರದು, I wanted evidence. ಅಫಜಲಪುರದಲ್ಲಿ ಅದೇ ಕಲ್ಲಂಗಡಿ ರಾಶಿಯ ಮುಂದೆ, ಕ್ಲಚ್ ಪೂರ್ತಿ ಒತ್ತಿ, ಹೂವಿನಂತೆ ನಿಲ್ಲಿಸಿದೆ. ಇಳಿದು ಹೋಗಿ ಹಣ್ಣು ಕೇಳಿದೆ.

ಆಕೆ ನನ್ನ ಪಾದ ನೋಡಿದಳು. "ಒಂದ ಕಾಲಿಗೆ ಥಂಡಿ ಹತ್ತೇದೇನ್ರಿ, ಆಯೀ?"

ಅಂದು ಕಾಲುಚೀಲ ಬಿಳಿಯಾಗಿಯೇ ಮನೆ ಸೇರಿತು. ಆದರೆ ಹತ್ತು ದಿನದ ಒಣ ನಾಟಕ ನಮಗೆ ಹಳೆಯದು. ಅದಕ್ಕೇ ದಿನವೂ ಒಗೆದು, ದಿನವೂ ಹಾಕಿಕೊಂಡು, ದಿನವೂ ಒಂದು ಸುತ್ತು ಹೋಗಿಬಂದೆ. ಹನ್ನೊಂದನೆಯ ದಿನ ಬೇಕೆಂದೇ ಮಧ್ಯಾಹ್ನದ ಉರಿಬಿಸಿಲಲ್ಲಿ ಗಾಣಗಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಸ್ಪೀಡೋಮೀಟರಿನ ಮುಳ್ಳು ನಡುಗದೆ ನಿಂತಿತ್ತು. ಯಜಮಾನರು ರಸ್ತೆ ನೋಡಲಿಲ್ಲ, ನನ್ನ ಪಾದವನ್ನೇ ನೋಡುತ್ತ ಕೂತಿದ್ದರು. ದರ್ಶನ ಮುಗಿಸಿ, ಅದೇ ಕಾಲಿನಲ್ಲಿ ಕ್ಲಚ್ ಒತ್ತುತ್ತ ಜೇವರ್ಗಿಗೆ ಮರಳಿದೆವು.

ಮನೆಯ ಮುಂದೆ ಎಂಜಿನ್ ಆರಿಸಿದಾಗ ಅವರು ಕೈ ಚಾಚಿದರು. ನಾನು ಕೀಲಿಯನ್ನು ಪರ್ಸಿಗೆ ಹಾಕಿ, ಕಾಲುಚೀಲ ಕಳಚಿ ಆ ಕೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದರು, ಕೊನೆಗೆ ಮೂಸಿದರು.

"ಬರೇ ನಿನ್ನ ಕಾಲಿನ ವಾಸನಿ ಅದ" ಎಂದು ಅದನ್ನು ನನ್ನ ಮಡಿಲಿಗೆ ಹಾಕಿ, ಎಡಗಡೆಯ ಬಾಗಿಲು ತೆರೆದು ಇಳಿದರು.