ಶಿಫ್ಟ್ ಗುಂಡಿಯ ಮೇಲಿನ ಕಲ್ಲು

ಹಿರಿಯೂರು ನಿಲ್ದಾಣದಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ತೂರಿ ಸೀಟು ಹಿಡಿಯುವುದನ್ನು ನೋಡಿದವರಿಗೆ ನಮ್ಮ ವಿಶ್ವವಿದ್ಯಾಲಯದ ಲ್ಯಾಬ್ ಬೇಗ ಅರ್ಥವಾಗುತ್ತದೆ. ಅಂಕಿಅಂಶದ ಸಾಫ್ಟ್‌ವೇರಿನ ಲೈಸೆನ್ಸ್ ಇದ್ದದ್ದು ಕೆಲವರಿಗಾಗುವಷ್ಟು, ಸಂಶೋಧಕರು ಬಹಳ. ಬೆಳಿಗ್ಗೆಯೇ ಲಾಗಿನ್ ಆಗಿ, ಖಾತೆ ತೆರೆದಿಟ್ಟು ಟೀಗೆ ಹೋಗುತ್ತಿದ್ದೆವು. ಅದಕ್ಕೆ ಟವೆಲ್ ಹಾಕುವುದು ಎಂದೇ ಹೆಸರು. ಸುಮ್ಮನಿದ್ದ ಖಾತೆಯನ್ನು ಸಿಸ್ಟಮ್ ಸ್ವಲ್ಪ ಹೊತ್ತಿಗೆ ತಾನೇ ಮುಚ್ಚುತ್ತಿತ್ತು. ಹರಿಯಬ್ಬೆ ಕಡೆಯ ಕುರಿಗಾರರ ಮನೆಯ ನನ್ನ ಸಹಪಾಠಿ ಅದಕ್ಕೂ ದಾರಿ ಕಂಡುಕೊಂಡಿದ್ದಳು: ಶಿಫ್ಟ್ ಗುಂಡಿಯ ಮೇಲೆ ಒಂದು ಬೆಣಚುಕಲ್ಲು ಇಟ್ಟು ಹೋಗುತ್ತಿದ್ದಳು.

ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಸರ್‌ಗೆ ಇದರಿಂದ ತಲೆ ಕೆಟ್ಟಿತ್ತು. ಒಂದು ಮಧ್ಯಾಹ್ನ ಅವರು ಸರ್ವರ್ ಕೋಣೆಯಲ್ಲಿದ್ದಾಗ ಲೈಸೆನ್ಸ್ ಕೇಳಲು ನಾನು ಒಳಹೋದೆ. ಹಿಂದೆ ಅಲ್ಲಿ ಕಳ್ಳತನವಾಗಿದ್ದರಿಂದ ಹೊರಬರಲೂ ಕಾರ್ಡ್ ತೋರಿಸಬೇಕಿತ್ತು. ಲ್ಯಾಬಿನ ಅದೇ ಖಾತೆ ಚಾಲ್ತಿಯಲ್ಲಿದ್ದರೆ ಮಾತ್ರ ಕಾರ್ಡ್ ಕೆಲಸ ಮಾಡುತ್ತಿತ್ತು.

"ಎಲ್ರ ಖಾತೆನೂ ನಿಲ್ಲಿಸ್ತೀನಿ. ಒಬ್ಬೊಬ್ರೇ ಬಂದು ಕೇಳ್ಲಿ, ಕೊಡಾಣ."

"ನಿಮ್ದೂ ಅದ್ರಾಗೈತಾ ಸರ್?"

"ನಾನೇನು ಟವೆಲ್ ಹಾಕ್ತೀನೇನಪ್ಪ?" ಎಂದು ನಕ್ಕು ಗುಂಡಿ ಒತ್ತಿಬಿಟ್ಟರು.

ಅವರದ್ದೂ ಅದರಲ್ಲಿತ್ತು. ಅದು ನಮಗೆ ಗೊತ್ತಾಗುವ ಮೊದಲೇ ಮೂಲೆಯ ಯುಪಿಎಸ್ ಬ್ಯಾಟರಿಗಳಿಂದ ಕೊಳೆತ ಮೊಟ್ಟೆಯ ವಾಸನೆ ಬಂತು, ಆಮೇಲೆ ಹೊಗೆ. ಸರ್ವರ್‌ಗಳೆಲ್ಲ ಆರಿದವು. ಬಾಗಿಲಿನ ಯಂತ್ರಕ್ಕೆ ಮಾತ್ರ ಸ್ವಂತ ಬ್ಯಾಟರಿ. ಕೊನೆಯದಾಗಿ ಬಂದ ಆದೇಶವನ್ನೇ ಹಿಡಿದು ಕೂತಿತ್ತು. ನನ್ನ ಕಾರ್ಡಿಗೆ ಕೆಂಪು ದೀಪ. ಸರ್ ಕಾರ್ಡಿಗೂ ಕೆಂಪು.

ಅವರಿಗೆ ಉಬ್ಬಸ. ಇನ್ಹೇಲರ್ ಹೊರಗಿನ ಮೇಜಿನ ಮೇಲಿತ್ತು. ಬಾಗಿಲಿನ ಸಣ್ಣ ಗಾಜಿನಿಂದ ಅದು ಕಾಣುತ್ತಿತ್ತು.

ಬಾಗಿಲು ಬಡಿದೆ. ಹೊರಗಿದ್ದವರು ಒಬ್ಬರಾದ ಮೇಲೆ ಒಬ್ಬರು ಕಾರ್ಡ್ ಇಟ್ಟರು. ಪ್ರತಿ ಸಲವೂ ಕೆಂಪು. "ಹಾರೆ ತರಾಕೆ ಹೋಗ್ಯಾರೆ, ನೆಲಕ್ಕೆ ಕುಂತ್ಕಳ್ರಿ" ಎಂದು ಯಾರೋ ಕೂಗಿದರು. ಸರ್ ಅದಾಗಲೇ ನೆಲದ ಮೇಲಿದ್ದರು. ಅವರ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ನನ್ನ ಕೈಯನ್ನು ಹಿಡಿದೇ ಇದ್ದರು. ಅಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ, ಅದೇ ಈಗಲೂ ನನ್ನನ್ನು ಕಾಡುತ್ತದೆ.

ಆಗ ಟೀ ಅಂಗಡಿಯಿಂದ ಹರಿಯಬ್ಬೆಯ ಆ ಸಹಪಾಠಿ ಬಂದಳು.

"ಸರ್ಕಳ್ರಿ, ನಂದೊಂದು ನೋಡಾಣ."

"ಎಲ್ರದ್ದೂ ಸತ್ತೈತೆ, ನಿಂದೇನ್ ಬದುಕಿರ್ತೈತಾ?"

"ನಾನು ಕಲ್ಲಿಟ್ಟು ಬಂದೀನಿ ಕಣೋ."

ಹಸಿರು ದೀಪ.

ತೆರೆದಿದ್ದ ಖಾತೆಗೆ ಹೊಸ ನಿಯಮ ತಾಕುವುದು ಅದನ್ನು ಮುಚ್ಚಿದ ಮೇಲೆಯೇ ಎಂದು ಆಮೇಲೆ ತಿಳಿಯಿತು. ಉಳಿದವರ ಟವೆಲ್‌ಗಳನ್ನೆಲ್ಲ ಸರ್ವರ್ ಆರುವ ಮೊದಲೇ ಸಿಸ್ಟಮ್ ಎತ್ತಿ ಹಾಕಿತ್ತು.

ಈಗ ಆ ಕೋಣೆಯ ಒಳಗಡೆ ಸಾದಾ ಚಿಲಕವಿದೆ. ನಾನು ಒಳಗೆ ಹೋಗುವುದಿಲ್ಲ, ಕೇಳಬೇಕಾದ್ದನ್ನು ಹೊಸ್ತಿಲಲ್ಲೇ ನಿಂತು ಕೇಳುತ್ತೇನೆ. ಬಸ್ಸಿನಲ್ಲಿ ಕೂತರೂ ಬಾಗಿಲು ಮುಚ್ಚಿದ ಸದ್ದಿಗೆ ಆ ಕೆಂಪು ದೀಪ ಕಣ್ಣಿಗೆ ಬರುತ್ತದೆ. ಅವಳು ಇನ್ನೊಂದು ಟೀ ಕುಡಿದು ಬಂದಿದ್ದರೆ? ಅವತ್ತು ಕಲ್ಲು ಮರೆತಿದ್ದರೆ?

ಆ ಚಿಲಕ ಬರುವ ಮೊದಲು, ಆಸ್ಪತ್ರೆಯಿಂದ ಬಂದ ದಿನವೇ ಸರ್ ಲ್ಯಾಬಿನ ಗೋಡೆಗೆ ಹೊಸ ನಿಯಮ ಅಂಟಿಸಿದರು. ಖಾತೆ ತೆರೆದಿಟ್ಟು ಯಾರೂ ಹೋಗುವಂತಿಲ್ಲ. ಆಕೆ ಅದನ್ನು ಓದಿ, "ಹಂಗಾದ್ರೆ ಕಲ್ಲು ತೆಗೀಲಾ ಸರ್?" ಎಂದಳು.

ಸರ್ ಸರ್ವರ್ ಕೋಣೆಯ ಕಡೆ ನೋಡಿದರು. ಒಳಗೆ ಅವರಿಗೆ ಇನ್ನೂ ಕೆಲಸವಿತ್ತು.

"ನಾನು ಹೊರಗ್ ಬರೋ ತಂಕ ಇರ್ಲಿ ಬಿಡಮ್ಮ."